ಗ್ಯಾಸ್ ಲೇನ್ ಎಲ್ಲಿಗೂ ಹೋಗುವುದಿಲ್ಲ

ಕೀರನ್ ಕ್ರೌದರ್ ಮಾತಿನ ಮನುಷ್ಯನಲ್ಲ. ಹುಡುಗನಾಗಿದ್ದಾಗಿನಿಂದ ಕಾಲ್ಡ್‌ರಾಯ್ಡ್ ಊರಿನ ರಗ್ಬಿ ಕ್ಲಬ್ಬಿನ ಅಂಗಿ ತೊಟ್ಟು, ಮುಂದಿನ ಸಾಲಿನಲ್ಲಿ ನಿಂತು, ಚೆಂಡನ್ನು ಹೊಟ್ಟೆಗವಚಿಕೊಂಡು ಎದುರಾಳಿಗಳ ಗುಂಪಿನೊಳಗೆ ನುಗ್ಗುವುದೇ ಅವನ ಕಸುಬು. ಮೂಗು ಎಷ್ಟೋ ಸಲ ಮುರಿದು ಈಗ ಯಾವ ಕಡೆಗೆ ತಿರುಗಿದೆ ಎಂದು ಹೇಳುವುದೇ ಕಷ್ಟ. ಬಲ ಮೊಣಕಾಲು ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಕಟಕಟ ಎನ್ನುತ್ತಿತ್ತು. ಇನ್ನೊಂದು ವರ್ಷ ಆಡಿ ಬೂಟು ಕಳಚಬೇಕು ಅಂದುಕೊಂಡಿದ್ದ. ಆ ಕೊನೆಯ ವರ್ಷವೇ ಮಹಾಮಾರಿ ಬಂತು.

ಮಾರ್ಚಿನಲ್ಲಿ ಆಟ ನಿಂತಿತು. ಕ್ಲಬ್ಬಿನ ಕಚೇರಿ ಮುಚ್ಚಿತು, ಹುಡುಗರೆಲ್ಲ ಮನೆ ಸೇರಿದರು. ಏಪ್ರಿಲ್ ಮೊದಲ ವಾರ ತರಬೇತುದಾರ ಡ್ಯಾರೆಲ್ ಹೇಗ್ ಫೋನ್ ಮಾಡಿದ. ಡ್ಯಾರೆಲ್ ಬರೀ ತರಬೇತುದಾರನಲ್ಲ, ಕೀರನ್‌ನ ಹೆಂಡತಿ ಬೆಥನಿಯ ಒಡಹುಟ್ಟಿದ ಅಣ್ಣ. ಅದಕ್ಕೂ ಮೊದಲು ಗೆಳೆಯ. ಇಬ್ಬರೂ ಒಂದೇ ಬೀದಿಯಲ್ಲಿ ಚೆಂಡು ಒದ್ದು ಬೆಳೆದವರು. ಕೀರನ್‌ನ ಅಪ್ಪ ಸತ್ತ ದಿನ ಅವನನ್ನು ಮನೆಯಿಂದ ಎಬ್ಬಿಸಿ, ಅಭ್ಯಾಸಕ್ಕೆಂದು ಮೈದಾನಕ್ಕೆ ಎಳೆದುಕೊಂಡು ಹೋದವನೇ ಡ್ಯಾರೆಲ್.

"ಲೋ, ಒಂದು ಸಣ್ಣ ವಿಡಿಯೋ ಮಾಡ್ಬೇಕಿತ್ತು," ಅಂದ ಡ್ಯಾರೆಲ್. "ಜನ ಹೆದರ್ಕೊಂಡಿದಾರೆ. ಕ್ಲಬ್ಬು ಮುಚ್ಚಿಹೋಗುತ್ತಂತೆ, ಮೈದಾನ ಮಾರ್ತಾರಂತೆ ಅಂತ ಬಾಯಿಗೆ ಬಂದಿದ್ದು ಮಾತಾಡ್ತಿದಾರೆ. ಕ್ಯಾಪ್ಟನ್ ನೀನು. ನೀನೇ ನಿಂತು ನಾಲ್ಕು ಮಾತು ಹೇಳು."

"ನಂಗೆಲ್ಲಿ ಬರುತ್ತೋ ಮಾತು? ಬೇರೆ ಯಾರನ್ನಾದ್ರೂ ನಿಲ್ಸು."

"ಮಾತು ಬರಲ್ಲ ಅಂತಾನೇ ನಿನ್ನ ಕೇಳ್ತಿರೋದು. ಮಾತು ಬರೋರನ್ನ ಈ ಊರಲ್ಲಿ ಯಾರು ನಂಬ್ತಾರೆ?"

ಕೀರನ್‌ಗೂ ನಗು ಬಂತು. ಮಾರನೆಯ ದಿನ ಗ್ಯಾಸ್ ಲೇನಿಗೆ ಹೋದ. ಕಾಲ್ಡ್‌ರಾಯ್ಡಿನವರಿಗೆ ಗ್ಯಾಸ್ ಲೇನ್ ಎಂದರೆ ಬೀದಿಯಲ್ಲ, ಮೈದಾನ. ನೂರು ವರ್ಷದಿಂದ ಅಲ್ಲೇ ಆಟ. ತಗಡಿನ ಚಾವಣಿ, ಮಳೆಗೆ ಸೋರುವ ಮೂಲೆ, ಕಡುಬಿನಂಥ ಮಾಂಸದ ಪೈ ಮಾರುವ ಕಿಂಡಿ. ಉತ್ತರದ ಗೋಲುಕಂಬಗಳ ಬುಡದಲ್ಲಿ ನಿಂತು, ಯಾರೂ ಬರೆದುಕೊಡದ ಮಾತನ್ನು ಅವನು ತಾನಾಗಿಯೇ ಹೇಳಿದ: "ನೀವೆಲ್ಲ ಮನೇಲಿರಿ. ವಯಸ್ಸಾದವರನ್ನ ನೋಡ್ಕೊಳ್ಳಿ. ಗ್ಯಾಸ್ ಲೇನ್ ಎಲ್ಲಿಗೂ ಹೋಗಲ್ಲ. ನೀವು ವಾಪಸ್ ಬರೋ ದಿನ ನಾನೇ ಗೇಟು ತೆಗೀತೀನಿ. ನನ್ನ ಮಾತು."

ಊರಿಗೆ ಊರೇ ಅದನ್ನು ನೋಡಿತು. ಹಾಲು ತರಲು ಹೋದರೆ ಬೀದಿಯ ಆ ಬದಿಯಿಂದ ಜನ ಕೈ ಎತ್ತಿ, "ಎಲ್ಲಿಗೂ ಹೋಗಲ್ಲ ತಾನೇ, ಕ್ಯಾಪ್ಟನ್?" ಎಂದು ಕೂಗುತ್ತಿದ್ದರು. "ಎಲ್ಲಿಗೂ ಹೋಗಲ್ಲ," ಎಂದು ಅವನೂ ಕೂಗುತ್ತಿದ್ದ. ಹೇಳಿಹೇಳಿ ಅದು ಅವನ ನಮಸ್ಕಾರವೇ ಆಗಿಹೋಯಿತು.

ಕ್ಲಬ್ಬು ಆಟಗಾರರಿಗೆ ಇನ್ನೊಂದು ಕೆಲಸವನ್ನೂ ಹಚ್ಚಿತ್ತು. ಒಂಟಿಯಾಗಿರುವ ಹಳೆಯ ಅಭಿಮಾನಿಗಳಿಗೆ ವಾರಕ್ಕೊಮ್ಮೆ ಫೋನ್ ಮಾಡಿ ಕ್ಷೇಮ ವಿಚಾರಿಸಬೇಕು. ಕೀರನ್‌ನ ಪಾಲಿಗೆ ಬಂದವರು ಮೊರೀನ್ ಜಾಗರ್. ಎಪ್ಪತ್ತು ದಾಟಿದ ಹೆಂಗಸು, ನಾಲಗೆ ಮಾತ್ರ ಇಪ್ಪತ್ತರದ್ದು. ಅವಳ ಗಂಡ ಲೆನ್ ತೀರಿಕೊಂಡಾಗ, ಅವನ ಆಸೆಯಂತೆ, ಬೂದಿಯನ್ನು ಆ ಉತ್ತರದ ಕಂಬಗಳ ಬುಡದಲ್ಲೇ ಹಾಕಿದ್ದರು. ಊರಿನ ಎಷ್ಟೋ ಗಂಡಸರು ಹಾಗೆ ಅಲ್ಲಿ ಮಣ್ಣಾಗಿದ್ದರು.

"ಏನ್ ಮಾಡ್ತಿದೀರಿ ಮಿಸೆಸ್ ಜಾಗರ್?"

"ಏನ್ ಮಾಡ್ಲಿ ಮಗಾ, ಗೋಡೆ ಜೊತೆ ಜಗಳ ಆಡ್ತಿದೀನಿ. ಅದೂ ಲೆನ್ ಥರಾನೇ, ಉತ್ತರ ಕೊಡಲ್ಲ. ಹೋದ ಸಲ ಥಾರ್ನ್‌ಶಾ ಮೇಲೆ ಆಡ್ವಾಗ ಆ ಚೆಂಡು ಬಿಟ್ಯಲ್ಲ, ಬೆಣ್ಣೆ ಸವರ್ಕೊಂಡಿದ್ಯಾ ಕೈಗೆ?"

"ಮಳೆ ಇತ್ತು, ಮಿಸೆಸ್ ಜಾಗರ್."

"ಮಳೆ ಅವ್ರಿಗೂ ಇತ್ತಲ್ಲ."

ಇಂಥ ಮಾತಿನಿಂದ ಶುರುವಾಗಿ ಮುಕ್ಕಾಲು ಗಂಟೆ ನಡೆಯುತ್ತಿತ್ತು. ಕೊನೆಗೆ ಪ್ರತಿಸಲವೂ ಅವಳದು ಒಂದೇ ಪ್ರಶ್ನೆ: "ನಮ್ಮ ಲೆನ್ ಹೇಗಿದಾನೆ? ಹುಲ್ಲು ಕತ್ತರಿಸ್ತಿದಾರಾ?" ಕೀರನ್ ವಾರಕ್ಕೊಮ್ಮೆ ಓಡಲು ಹೋದಾಗ ಬೇಲಿಯಾಚೆಯಿಂದ ನೋಡಿಕೊಂಡು ಬಂದು ವರದಿ ಒಪ್ಪಿಸುತ್ತಿದ್ದ. ಗುರುವಾರ ಸಂಜೆ ಬೀದಿಯವರೆಲ್ಲ ಬಾಗಿಲಿಗೆ ಬಂದು ದಾದಿಯರಿಗಾಗಿ ಪಾತ್ರೆ ಬಡಿದು ಮುಗಿಸಿದ ಮೇಲೆ ಅವನು ಅಡುಗೆಮನೆಯಲ್ಲಿ ಕೂತು ಅವಳಿಗೆ ಫೋನ್ ಹಚ್ಚುವುದು, ಎದುರಿಗೆ ಬೆಥನಿ ಚಹಾ ಹಿಡಿದು ಕೂತು ನಗುವುದು ರೂಢಿಯಾಯಿತು.

ಆಗಸ್ಟಿನಲ್ಲಿ ಆಟ ಮತ್ತೆ ಶುರುವಾಯಿತು. ಆಟವೇನೋ ಅದೇ, ಆದರೆ ಉಪ್ಪಿಲ್ಲದ ಊಟದಂತೆ. ವಾರವಾರವೂ ಮೂಗಿನೊಳಗೆ ಕಡ್ಡಿ ಹಾಕಿ ಪರೀಕ್ಷೆ. ತಲೆಗೆ ತಲೆ ಕೊಟ್ಟು ಗುಂಪಾಗಿ ನೂಕುವ ಸ್ಕ್ರಮ್ಮನ್ನೇ ಆಟದಿಂದ ತೆಗೆದುಹಾಕಿದ್ದರು. ಆಟ ಮುಗಿದ ಮೇಲೆ ಸ್ನಾನವಿಲ್ಲ, ಕೆಸರಿನ ಮೈಯಲ್ಲೇ ಕಾರು ಹತ್ತಿ ಮನೆಗೆ ಹೋಗಬೇಕು. ಮೊದಲ ಸಲ ಸೀಟಿನ ಮೇಲೆ ಹಳೆಯ ಪರದೆ ಹಾಸಿಕೊಂಡು ಬಂದ ಅವನನ್ನು ಬೆಥನಿ ಹಿತ್ತಲಲ್ಲೇ ನಿಲ್ಲಿಸಿ ಪೈಪಿನಲ್ಲಿ ತೊಳೆದಳು. ಪ್ರೇಕ್ಷಕರನ್ನು ಒಳಗೆ ಬಿಡುತ್ತಿರಲಿಲ್ಲ, ಖಾಲಿ ಕುರ್ಚಿಗಳ ಮೇಲೆ ಅಭಿಮಾನಿಗಳ ಮುಖಗಳನ್ನು ರಟ್ಟಿನಲ್ಲಿ ಮುದ್ರಿಸಿ ನಿಲ್ಲಿಸಿದ್ದರು. ಮೊರೀನ್ ಜಾಗರ್ ಮೂರನೆಯ ಸಾಲಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ನಿಂತಿದ್ದಳು.

"ರಟ್ಟಲ್ಲೂ ಬೈತಿದಾಳಲ್ಲೋ ಆ ಮುದುಕಿ!" ಎಂದು ಹುಡುಗರು ನಕ್ಕರು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಹಳದಿ ಅಂಗಿ ತೊಟ್ಟ ನಾಲ್ಕೈದು ಜನ ಮೂರು ಕಾಲಿನ ಯಂತ್ರ ಇಟ್ಟುಕೊಂಡು ಮೈದಾನವನ್ನು ಅಳೆಯುತ್ತಿದ್ದರು. ಕೀರನ್ ಡ್ಯಾರೆಲ್‌ನನ್ನು ಕೇಳಿದ.

"ಚರಂಡಿ," ಅಂದ ಡ್ಯಾರೆಲ್, ಅವನ ಮುಖ ನೋಡದೆ. "ಆ ಮೂಲೇಲಿ ನೀರು ನಿಲ್ಲುತ್ತಲ್ಲ, ಅದನ್ನ ಸರಿ ಮಾಡ್ತಾರಂತೆ."

ಗುರುವಾರ ಕೀರನ್ ಅದನ್ನೇ ಮೊರೀನ್‌ಗೆ ಹೇಳಿದ. "ಚರಂಡಿ ಸರಿ ಮಾಡ್ತಿದಾರೆ. ನಿಮ್ಮ ಲೆನ್ ಕಾಲು ಇನ್ಮೇಲೆ ಒದ್ದೆ ಆಗಲ್ಲ." ಮುದುಕಿ ಹಿಗ್ಗಿದಳು. ಚಹಾದ ಬಟ್ಟಲು ಹಿಡಿದಿದ್ದ ಬೆಥನಿ ಎದ್ದು ಸಿಂಕಿನ ಕಡೆ ಹೋದಳು. ಅವಳು ಯಾಕೆ ಎದ್ದಳು ಎಂದು ಅವನಿಗೆ ಆಗ ಹೊಳೆಯಲಿಲ್ಲ.

ಥಾರ್ನ್‌ಶಾ ತಂಡದ ಮೇಲಿನ ಆಟ ಅಕ್ಟೋಬರಿನಲ್ಲಿ. ಥಾರ್ನ್‌ಶಾ ಎಂದರೆ ಬೆಟ್ಟದಾಚೆಯ ಊರು. ಅಲ್ಲಿಯವರು, ಇಲ್ಲಿಯವರು ಹಾವು ಮುಂಗುಸಿ. ಅವರಲ್ಲಿ ಶೇನ್ ಟೂಟಿಲ್ ಎಂಬ ದಾಂಡಿಗನಿದ್ದ. ಕೀರನ್ ಮತ್ತು ಅವನು ಹತ್ತಾರು ವರ್ಷ ಒಬ್ಬರನ್ನೊಬ್ಬರು ಕೆಡವಿ, ಗುದ್ದಿ, ಆಮೇಲೆ ಒಟ್ಟಿಗೆ ಬಿಯರ್ ಕುಡಿದವರು. ಮೊದಲರ್ಧದಲ್ಲಿ ಕೀರನ್ ಚೆಂಡು ಹಿಡಿದು ನುಗ್ಗಿದ. ಟೂಟಿಲ್ ಅವನ ಸೊಂಟ ಹಿಡಿದು ಕೆಡವಿ, ಮೇಲೆ ಬಿದ್ದು, ಕಿವಿಯ ಹತ್ತಿರ ಹಲ್ಲು ಕಿರಿದ.

"ಸ್ವಲ್ಪ ಮೆತ್ತಗೆ ಬಾರೋ ಮುದುಕಾ. ಮುಂದಿನ ವರ್ಷ ಒಂದೇ ಕೊಟ್ಟಿಗೇಲಿ ಮೇಯೋರು ನಾವು. ನಮ್ಮನೇಲಿ ನಿಂಗೂ ಒಂದು ಗೂಟ ಬಡಿದಿದೀವಿ."

"ಏನೋ ಬೊಗಳ್ತಿದೀಯ?"

ಟೂಟಿಲ್ ನಕ್ಕು ಎದ್ದ. ಆದರೆ ಎದ್ದವನು ಕೀರನ್‌ನ ಮುಖ ನೋಡಿದ, ಅವನ ನಗು ಹಾಗೇ ಆರಿತು. "ಅಯ್ಯೋ ದೇವ್ರೇ," ಅಂದ ಮೆಲ್ಲಗೆ. "ನಿಂಗೆ ಹೇಳಿಲ್ವಾ? ಎರಡು ಕ್ಲಬ್ಬು ಸೇರಿಸ್ತಿದಾರೆ ಕಣೋ. ನಿಮ್ಮ ಮೈದಾನ ಮಾರಾಟ ಆಗಿದೆ. ನಮ್ಮಲ್ಲಿ ಎಲ್ರಿಗೂ ಗೊತ್ತು."

ಖಾಲಿ ಮೈದಾನದಲ್ಲಿ ಪಿಸುಮಾತೂ ಕೇಳಿಸುತ್ತದೆ. ಹತ್ತಿರವಿದ್ದ ಕಾಲ್ಡ್‌ರಾಯ್ಡಿನ ಇಬ್ಬರು ಹುಡುಗರು ತಿರುಗಿ ಕ್ಯಾಪ್ಟನ್ನನ ಮುಖ ನೋಡಿದರು. ಕೀರನ್ ಎದ್ದು, ಕಾಲಿನಿಂದ ಚೆಂಡನ್ನು ಹಿಂದಕ್ಕೆ ತಳ್ಳಿ, ಆಟ ಮುಂದುವರಿಸಿದ. ಆ ಸಂಜೆ ಅವನು ಹೇಗೆ ಆಡಿದ, ಯಾರು ಗೆದ್ದರು ಎಂದು ಆಮೇಲೆ ಯಾರಾದರೂ ಕೇಳಿದರೆ ಅವನಿಗೆ ನೆನಪೇ ಬರುತ್ತಿರಲಿಲ್ಲ.

ಆಟ ಮುಗಿದ ಮೇಲೆ ಡ್ಯಾರೆಲ್‌ನ ಕಾರಿನ ಮುಂದೆ ಹೋಗಿ ನಿಂತ. ಕೆಸರು ಮೈಮೇಲೆ ಒಣಗಿ ಬಿರಿಯುತ್ತಿತ್ತು. ಡ್ಯಾರೆಲ್ ಮುಖಗವಸು ಹಾಕಿಕೊಂಡು ಬಂದ. ಬರಿ ಕಣ್ಣು ಕಾಣುತ್ತಿದ್ದವು, ಆದರೆ ಅಷ್ಟೇ ಸಾಕಾಯಿತು.

"ನಿಜಾನಾ?"

"ಇಲ್ಲಿ ಬೇಡ ಕೀರನ್. ನಾಳೆ ಮಾತಾಡೋಣ."

"ನಿಜಾನಾ ಅಂತ ಕೇಳ್ದೆ."

ಡ್ಯಾರೆಲ್ ಕಾರಿನ ಬಾಗಿಲಿಗೆ ಒರಗಿದ. "ಹೂಂ. ಹೋಲ್ರಾಯ್ಡ್ ಇನ್ನು ನಡೆಸೋಕ್ಕಾಗಲ್ಲ ಅಂದ್ರು. ಒಂದೋ ಥಾರ್ನ್‌ಶಾ ಜೊತೆ ಸೇರ್ಬೇಕು, ಇಲ್ಲಾ ಬಾಗಿಲು ಹಾಕ್ಬೇಕು. ಮೈದಾನದಲ್ಲಿ ಗೋದಾಮು ಕಟ್ತಾರೆ." ಹೋಲ್ರಾಯ್ಡ್ ಕ್ಲಬ್ಬಿನ ಅಧ್ಯಕ್ಷ, ಕ್ಲಬ್ಬೂ ಮೈದಾನವೂ ಅವನ ಹೆಸರಿನಲ್ಲೇ ಇದ್ದವು.

"ನಿಂಗೆ ಯಾವಾಗ ಗೊತ್ತಾಯ್ತು?"

ಡ್ಯಾರೆಲ್ ಮುಖಗವಸನ್ನು ಮೇಲಕ್ಕೆಳೆದುಕೊಂಡ.

"ಯಾವಾಗ?"

"ಮಾರ್ಚಲ್ಲೇ."

ಕೀರನ್‌ಗೆ ಒಂದು ಕ್ಷಣ ಲೆಕ್ಕ ಹತ್ತಲಿಲ್ಲ. ಆಮೇಲೆ ಹತ್ತಿತು. "ಅಂದ್ರೆ ನನ್ನ ಕೈಲಿ ಆ ವಿಡಿಯೋ ಮಾಡ್ಸಿದಾಗ್ಲೇ ಗೊತ್ತಿತ್ತು."

"ನೋಡು, ಆಗ್ಲೇ ಸುದ್ದಿ ಸೋರಿತ್ತು. ಜನ ದಂಗೆ ಎದ್ದಿದ್ರೆ ಒಪ್ಪಂದ ಮುರಿದು ಬೀಳ್ತಿತ್ತು, ಎರಡು ಕ್ಲಬ್ಬೂ ಹಾಳಾಗ್ತಿತ್ತು. ಊರಿನ ಪರಿಷತ್ತು ಅನುಮತಿ ಕೊಡೋವರ್ಗೂ ಯಾರಾದ್ರೂ ಅವ್ರನ್ನ ಸುಮ್ನಿರ್ಸ್ಬೇಕಿತ್ತು. ಹೋಲ್ರಾಯ್ಡ್ ಹೇಳಿದ್ರೆ ನಂಬ್ತಿರ್ಲಿಲ್ಲ. ನಾನು ಹೇಳಿದ್ರೂ ಅಷ್ಟೇ. ನೀನು ಹೇಳಿದ್ರೆ ನಂಬ್ತಾರೆ. ನಿನ್ನ ಮೇಲೆ ಅವ್ರಿಗೆ ಅಷ್ಟು..."

"ಹೇಳು, ನಿಲ್ಲಿಸ್ಬೇಡ. ಅಷ್ಟು ಏನು?"

"ಪ್ರೀತಿ ಕಣೋ."

ಕೀರನ್ ಕೈ ಎತ್ತಲಿಲ್ಲ. ಎತ್ತಬಹುದು ಎಂದು ಡ್ಯಾರೆಲ್‌ಗೂ ಅನ್ನಿಸಿತ್ತು, ಅವನು ಒಂದು ಹೆಜ್ಜೆ ಹಿಂದೆ ಸರಿದಿದ್ದ. "ಕೂಡಿದ ತಂಡಕ್ಕೆ ನಾನೇ ತರಬೇತುದಾರ," ಅಂದ ಅವಸರದಿಂದ. "ನಿಂಗೆ ನನ್ನ ಸಹಾಯಕನ ಜಾಗ ಇಟ್ಟಿದೀನಿ. ಬಾಯಿಮಾತಲ್ಲ, ಹೋಲ್ರಾಯ್ಡ್ ಹತ್ರ ಜಗಳ ಆಡಿ ಗಿಟ್ಟಿಸಿದೀನಿ. ನಿನ್ನ ಮೊಣಕಾಲು ಇನ್ನೆಷ್ಟು ದಿನ ತಡೆಯುತ್ತೆ ಹೇಳು? ಮನೆ ನಡೀಬೇಕಲ್ವಾ? ನಾನು ನಿನ್ನ ಕೈಬಿಟ್ಟಿಲ್ಲ ಕೀರನ್."

"ನನ್ನ ನಾಲಗೆ ಬಾಡಿಗೆಗೆ ತಗೊಂಡು, ಅದಕ್ಕೆ ಕೂಲಿ ಕೊಡ್ತಿದೀಯ," ಎಂದು ಕೀರನ್ ತನ್ನ ಕಾರು ಹತ್ತಿ ಹೊರಟುಬಿಟ್ಟ.

ಬೆಥನಿ ಹಿತ್ತಲಲ್ಲಿ ಪೈಪು ಹಿಡಿದು ಕಾದಿದ್ದಳು. ಅವನು ಕೂಡಿಕೂಡದ ಮಾತಿನಲ್ಲಿ ನಡೆದದ್ದನ್ನೆಲ್ಲ ಹೇಳಿದ. ಅವಳು ಬೈಯುತ್ತಾಳೆ, ಅಣ್ಣನಿಗೆ ಫೋನ್ ಮಾಡಿ ನೀರಿಳಿಸುತ್ತಾಳೆ ಎಂದು ಕಾದ. ಅವಳು ನಲ್ಲಿ ನಿಲ್ಲಿಸಿದಳು.

"ನಂಗೆ ಗೊತ್ತಿತ್ತು," ಅಂದಳು.

"ಏನು?"

"ಜುಲೈಯಲ್ಲಿ ಅಮ್ಮನ ಮನೆಗೆ ಹೋಗಿದ್ದಾಗ ಡ್ಯಾರೆಲ್ ಹೇಳ್ದ. ನಿನ್ನ ಹತ್ರ ಬಾಯಿ ಬಿಡಲ್ಲ ಅಂತ ಆಣೆ ಹಾಕಿಸ್ಕೊಂಡ. ನೀನು ತಡ್ಕೊಳ್ಳಲ್ಲ, ಊರಿಗೆಲ್ಲ ಸಾರಿಬಿಡ್ತೀಯ, ಆ ಕೆಲಸಾನೂ ಹೋಗುತ್ತೆ ಅಂದ. ನಂಗೂ ಹಾಗೇ ಅನ್ನಿಸ್ತು ಕೀರನ್. ನಿಂಗೆ ಇದು ಬಿಟ್ರೆ ಬೇರೆ ಕಸುಬು ಗೊತ್ತಿಲ್ಲ. ಮಗಳಿಗಿನ್ನೂ ಆರು ವರ್ಷ."

ಅವನು ಹಿತ್ತಲಿನ ಕಟ್ಟೆಯ ಮೇಲೆ ಕೂತ. ಡ್ಯಾರೆಲ್‌ನ ಎದುರು ಬಂದ ಸಿಟ್ಟು ಈಗ ಬರಲಿಲ್ಲ.

"ಪ್ರತಿ ಗುರುವಾರ ನಾನು ಆ ಹೆಂಗಸಿನ ಹತ್ರ ಮಾತಾಡ್ತಿದ್ದೆ. ನೀನು ಎದುರಿಗೇ ಕೂತಿರ್ತಿದ್ದೆ."

"ಹೌದು."

"ಚರಂಡಿ ಅಂದೆ ನಾನು. ಲೆನ್ ಕಾಲು ಒದ್ದೆ ಆಗಲ್ಲ ಅಂದೆ."

ಬೆಥನಿಯ ಕಣ್ಣು ತುಂಬಿತು. "ಅವತ್ತು ಹೇಳಿಬಿಡೋಣ ಅಂತಿದ್ದೆ. ಬಾಯಿ ಬರ್ಲಿಲ್ಲ."

ಅವನು ನಲ್ಲಿ ತಿರುಗಿಸಿಕೊಂಡು ತಾನೇ ಮೈ ತೊಳೆದುಕೊಂಡ.

ಮಾರನೆಯ ದಿನ ಮೊರೀನ್ ಮನೆಗೆ ಹೋದ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಒಳಗೆ ಹೋಗುವಂತಿರಲಿಲ್ಲ. ಅವನು ಗೇಟಿನ ಹೊರಗೆ, ಅವಳು ಹೊಸ್ತಿಲ ಮೇಲೆ. ಅವನನ್ನು ಕಂಡೊಡನೆ ಅವಳ ಮುಖ ಅರಳಿತು. ಇಷ್ಟು ದಿನ ಬರೀ ದನಿಯಾಗಿದ್ದವನು ಕಣ್ಣೆದುರು ಬಂದಿದ್ದ. ಅವನು ಹೇಳುತ್ತಾ ಹೋದಂತೆ ಆ ಮುಖ ಮುಚ್ಚಿಕೊಳ್ಳುತ್ತಾ ಹೋಯಿತು.

"ನಂಗೆ ಗೊತ್ತಿರ್ಲಿಲ್ಲ ಮಿಸೆಸ್ ಜಾಗರ್. ಮಗಳಾಣೆ. ನಂಗೂ ನಿನ್ನೆ ಗೊತ್ತಾಗಿದ್ದು."

"ಪರಿಷತ್ತಿನ ಸಭೆ ಆಯ್ತಾ?"

"ಹೋದ ತಿಂಗಳೇ ಆಯ್ತಂತೆ. ಕಂಪ್ಯೂಟರಿನಲ್ಲಿ. ಆಕ್ಷೇಪ ಅಂತ ಬಂದಿದ್ದು ಒಂದೋ ಎರಡೋ."

"ನಾವು ಮೂರು ಸಾವಿರ ಜನ ಹೋಗಿ ನಿಲ್ತಿದ್ವಿ," ಅಂದಳು ಮೊರೀನ್. "ರೋಗ ಬಂದ್ರೂ ಸರಿ, ದೂರದೂರ ಆದ್ರೂ ನಿಲ್ತಿದ್ವಿ. ನಮ್ಮ ಬೀದಿ ಗ್ಲೆಂಡಾ ಏಪ್ರಿಲ್‌ನಲ್ಲೇ ಮೈದಾನ ಮಾರ್ಬೇಡಿ ಅಂತ ಸಹಿ ಹಾಕಿಸೋಕೆ ಬಂದಿದ್ಲು. ನಾನೇ ವಾಪಸ್ ಕಳಿಸ್ದೆ. ಕೀರನ್ ಹೇಳಿದಾನೆ, ಸುಮ್ನೆ ಗಾಬರಿ ಆಗ್ಬೇಡ ಅಂತ ಬೈದು ಕಳಿಸ್ದೆ."

ಅವನು ತಲೆ ತಗ್ಗಿಸಿದ.

"ನಿಂಗೆ ಗೊತ್ತಿರ್ಲಿಲ್ಲ, ನಂಬ್ತೀನಿ," ಅಂದಳು. "ಆದ್ರೆ ಗೊತ್ತಿಲ್ದೆ ಇರೋದಕ್ಕೆ ಮಾತು ಕೊಡ್ಬಾರ್ದಿತ್ತು ಮಗಾ. ಹೋಗು. ಇವತ್ತು ನಿನ್ನ ಮುಖ ನೋಡೋಕೆ ನಂಗಾಗಲ್ಲ."

ಬಾಗಿಲು ಮುಚ್ಚಿತು. ಬಡಿದು ಮುಚ್ಚಿದ್ದರೆ ಅವನಿಗೆ ಇನ್ನಷ್ಟು ಸಮಾಧಾನವಾಗುತ್ತಿತ್ತು.

ಋತುವಿನ ಕೊನೆಯ ಆಟ ಗ್ಯಾಸ್ ಲೇನಿನಲ್ಲೇ. ಅಷ್ಟರಲ್ಲಿ ಹುಡುಗರಿಗೆಲ್ಲ ಸುದ್ದಿ ಹರಡಿತ್ತು. ಆದರೆ ಕ್ಲಬ್ಬು ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಟದ ಮುಂಚೆ ಹೋಲ್ರಾಯ್ಡ್ ಕೀರನ್‌ನನ್ನು ಪಕ್ಕಕ್ಕೆ ಕರೆದ. ಬೆಳ್ಳಿಕೂದಲಿನ, ಸಣ್ಣದನಿಯ ಮನುಷ್ಯ. "ಟಿವಿಯವರು ಮಾತಾಡಿಸ್ತಾರೆ. ಅಭಿಮಾನಿಗಳಿಗೆ ಥ್ಯಾಂಕ್ಸ್ ಹೇಳು, ಅಷ್ಟು ಸಾಕು. ಸೋಮವಾರ ನಾವೇ ಎಲ್ಲಾನೂ ಸರಿಯಾದ ರೀತೀಲಿ ತಿಳಿಸ್ತೀವಿ. ನೀನು ಬುದ್ಧಿವಂತ, ನಿನ್ನ ಭವಿಷ್ಯ ನೀನೇ ಯೋಚ್ನೆ ಮಾಡು."

ಆಟ ಸೋತರು. ಕ್ಯಾಮೆರಾದವನು ದೂರ ನಿಂತು, ಉದ್ದ ಕೋಲಿನ ತುದಿಗೆ ಕಟ್ಟಿದ ಮೈಕನ್ನು ಮುಂದೆ ಚಾಚಿದ. ವರದಿಗಾರ್ತಿ, ಈ ವಿಚಿತ್ರ ವರ್ಷದ ಬಗ್ಗೆ ಏನು ಹೇಳುತ್ತೀರಿ ಎಂದು ಕೇಳಿದಳು. ಬೇಲಿಯ ಹತ್ತಿರ ಡ್ಯಾರೆಲ್ ಇವನನ್ನೇ ನೋಡುತ್ತಿದ್ದ.

ಕೀರನ್ ಮೈಕಿನ ಕಡೆ ತಿರುಗಿದ. "ಏಪ್ರಿಲ್‌ನಲ್ಲಿ ಇದೇ ಮೈದಾನದಲ್ಲಿ ನಿಂತು ನಿಮಗೆಲ್ಲ ಒಂದು ಮಾತು ಕೊಟ್ಟಿದ್ದೆ. ಅದು ಸುಳ್ಳು. ಗ್ಯಾಸ್ ಲೇನ್ ಮಾರಾಟ ಆಗಿದೆ. ನೀವು ಮನೇಲಿ ಬಾಗಿಲು ಹಾಕ್ಕೊಂಡಿದ್ದಾಗ ಮಾರಿದಾರೆ. ನಂಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ನನ್ನ ಕೈಲಿ ಹೇಳ್ಸಿದ್ರು. ಆದ್ರೂ ಹೇಳಿದ ಬಾಯಿ ನಂದೇ. ಕ್ಷಮಿಸಿ."

ಡ್ಯಾರೆಲ್‌ನ ಹೆಸರು ಹೇಳಲಿಲ್ಲ. ಹೇಳಬೇಕೆಂದು ಬಂದಿದ್ದ. ಬೇಲಿಯ ಕಡೆ ಕಣ್ಣು ಹೋದಾಗ ಮೈಕಿಗೆ ಬೆನ್ನು ತಿರುಗಿಸಿ ಹೊರಟ.

ಊರು ಹೊತ್ತಿಕೊಂಡಿತು. ಹೋಲ್ರಾಯ್ಡ್‌ನ ಮನೆಯ ಮುಂದೆ ಜನ ಗುಂಪುಗೂಡಿದರು, ಪೊಲೀಸರು ಬಂದು ಚದುರಿಸಿದರು. ಆದರೆ ಆಗಬೇಕಾದದ್ದೆಲ್ಲ ಆಗಿಹೋಗಿತ್ತು. ಸೋಮವಾರ ಕ್ಲಬ್ಬು ಪ್ರಕಟಣೆ ಹೊರಡಿಸಿತು. ಹಳೆಯ ಮೈದಾನದ ಒಂದು ತುಂಡು ಹುಲ್ಲನ್ನು ಥಾರ್ನ್‌ಶಾಗೆ ಗೌರವಪೂರ್ವಕವಾಗಿ ಒಯ್ಯಲಾಗುವುದು ಎಂದು ಅದರಲ್ಲಿತ್ತು. ಕೀರನ್‌ಗಿದ್ದ ಸಹಾಯಕನ ಜಾಗ ಹೋಯಿತು. ಅದು ಅವನಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಬಂದದ್ದು ಬೇರೆ. ಮೀನು-ಆಲೂಗೆಡ್ಡೆ ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ಒಬ್ಬ ಹೇಳಿದ: "ಅವ್ನಿಗೂ ಮೊದ್ಲೇ ಗೊತ್ತಿತ್ತು ಬಿಡಿ. ಭಾವನೇ ತರಬೇತುದಾರ, ಹೆಂಡ್ತಿ ಅವ್ನ ತಂಗಿ, ಇವನಿಗೆ ಗೊತ್ತಿಲ್ವಂತೆ! ಕೊನೇಲಿ ಕೈ ತೊಳ್ಕೊಂಡ." ಕೀರನ್ ತಿರುಗಲಿಲ್ಲ. ತನ್ನ ಪೊಟ್ಟಣ ತೆಗೆದುಕೊಂಡು ಹೊರಬಂದ. ಬೀದಿಯಲ್ಲಿ ಈಗ ಯಾರೂ ಅವನನ್ನು ಕೂಗುತ್ತಿರಲಿಲ್ಲ.

ಚಳಿಗಾಲ ಕಳೆದು, ಮೈದಾನ ಅಗೆಯುವ ಯಂತ್ರಗಳು ಬರುವ ಮುಂಚೆ, ಅವನು ಮೊರೀನ್‌ಗೆ ಫೋನ್ ಮಾಡಿದ. ಅವಳು ಎತ್ತಿದಳು. ಗ್ಯಾಸ್ ಲೇನಿನ ಒಳಗೆ ಹೋಗೋಣವೇ ಎಂದು ಕೇಳಿದ. ಬರುತ್ತೇನೆ ಅಂದಳು. ಮಧ್ಯಾಹ್ನ ಇಬ್ಬರೂ ಮುರಿದ ಬೇಲಿಯ ಮೂಲಕ ಒಳಹೊಕ್ಕರು. ಕಂಬಗಳನ್ನು ಆಗಲೇ ಕಿತ್ತಿದ್ದರು, ಹುಲ್ಲು ಮಂಡಿಯುದ್ದ ಬೆಳೆದಿತ್ತು. ಅವಳು ಒಂದು ಕಡೆ ನಿಂತು, "ಇಲ್ಲೇ ಇರ್ಬೇಕು," ಅಂದಳು. ಅವನು ಸಲಿಕೆಯಿಂದ ಒಂದು ಬುಟ್ಟಿ ಮಣ್ಣು ತೆಗೆದುಕೊಟ್ಟ. ಅದು ಲೆನ್ ಇದ್ದ ಮಣ್ಣೋ, ಬೇರೆ ಯಾರದೋ, ಬರಿಯ ಕಾಲ್ಡ್‌ರಾಯ್ಡಿನ ಜೇಡಿಯೋ, ಇಬ್ಬರಿಗೂ ಗೊತ್ತಿರಲಿಲ್ಲ. ಅವಳು ಅದನ್ನು ಹಿತ್ತಲಿನ ಗುಲಾಬಿಯ ಬುಡಕ್ಕೆ ಹಾಕಿಸಿಕೊಂಡಳು. ಚಹಾ ಕೊಟ್ಟಳು. ಗುರುವಾರದ ಫೋನ್ ಮತ್ತೆ ಶುರುವಾಗಲಿ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ.

ಬೇಸಿಗೆಯ ಹೊತ್ತಿಗೆ ಅವನಿಗೆ ಸಾಮಾನು ಸಾಗಿಸುವ ಲಾರಿಯಲ್ಲಿ ಕೆಲಸ ಸಿಕ್ಕಿತ್ತು. ಬೆಥನಿ, ಅವನು ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ ಇದ್ದರು. ಮಗಳ ಶಾಲೆ, ಅಡುಗೆ, ಎಲ್ಲವನ್ನೂ ಮಾತಾಡುತ್ತಿದ್ದರು. ಆದರೆ ಅವಳು ಫೋನಿನಲ್ಲಿ ದನಿ ತಗ್ಗಿಸಿದರೆ ಸಾಕು, ಅವನ ಕಿವಿ ನೆಟ್ಟಗಾಗುತ್ತಿತ್ತು. ಅವಳಿಗೂ ಅದು ತಿಳಿಯುತ್ತಿತ್ತು.

ಹೊರಗೆ ಸೇರಲು ಅನುಮತಿ ಸಿಕ್ಕಾಗ ಬೆಥನಿಯ ತಾಯಿ ಎಲ್ಲರನ್ನೂ ತನ್ನ ಹಿತ್ತಲಿಗೆ ಕರೆದಳು. ಎಂಬತ್ತನೆಯ ಹುಟ್ಟುಹಬ್ಬ, ಇಲ್ಲವೆನ್ನುವಂತಿರಲಿಲ್ಲ. ಡ್ಯಾರೆಲ್ ಥಾರ್ನ್‌ಶಾದ ಕೋಟು ಹಾಕಿಕೊಳ್ಳದೆ, ಮಾಮೂಲಿ ಅಂಗಿಯಲ್ಲಿ ಬಂದಿದ್ದ. ಮುದುಕಿ ಇಬ್ಬರನ್ನೂ ಎದುರುಬದುರು ಕೂರಿಸಿ ಹಂದಿಮಾಂಸದ ಪೈ ಹೆಚ್ಚಿ ಬಡಿಸಿದಳು.

ಉಳಿದವರೆಲ್ಲ ಒಳಗೆ ಕೇಕು ತರಲು ಹೋದಾಗ ಡ್ಯಾರೆಲ್ ಮೆಲ್ಲಗೆ ಕೇಳಿದ: "ಟಿವಿಯಲ್ಲಿ ನನ್ನ ಹೆಸರು ಹೇಳ್ಲಿಲ್ಲ ನೀನು."

"ಇಲ್ಲ."

"ಯಾಕೆ?"

ಕೀರನ್ ತಟ್ಟೆಯ ಪೈಯನ್ನು ಚಾಕುವಿನಿಂದ ಹೋಳು ಮಾಡಿದ. ಅಪ್ಪ ಸತ್ತ ದಿನದ ಡ್ಯಾರೆಲ್ ಬೇರೆಯವನಲ್ಲ, ಅವನೇ ಇವನು ಎನ್ನುವುದೇ ಅವನಿಗೆ ಇನ್ನೂ ಜೀರ್ಣವಾಗಿರಲಿಲ್ಲ.

"ಎಷ್ಟು ದಿನ ಹೀಗೇ ಇರೋದು ಕೀರನ್?"

"ನಂಗೊತ್ತಿಲ್ಲ ಡ್ಯಾರೆಲ್. ಸಾಸಿವೆ ಆ ಕಡೆ ಇದೆ, ಇತ್ತ ತಳ್ಳು."

ಡ್ಯಾರೆಲ್ ಸೀಸೆ ತಳ್ಳಿದ. ಒಳಗಿನಿಂದ ಹಾಡು ಕೇಳಿಸಿತು. ಇಬ್ಬರೂ ಎದ್ದು ನಿಂತರು. ಮುದುಕಿ ಹೊರಗೆ ಬರುವಾಗ ಅವರೂ ಹಾಡಿದರು, ಒಬ್ಬರ ಮುಖ ಒಬ್ಬರು ನೋಡದೆ.